ಜಗತ್ತಿನ ದೈತ್ಯ ಕಟ್ಟಡಗಳನ್ನ ಸರಿಯಾಗಿ ಹೋಲಿಸೋದು ಹೇಗೆ

ಜಗತ್ತಲ್ಲಿ ಅತಿ ದೊಡ್ಡ ಕಟ್ಟಡ ಯಾವ್ದು ಅಂತ ಕೇಳಿದ್ರೆ ತುಂಬ ಜನ ತಟ್ಟಂತ ಬುರ್ಜ್ ಖಲೀಫಾ ಅಂತಾರೆ. 828 ಮೀಟರ್ ಎತ್ತರ ಇರೋದೇನೋ ನಿಜ, ಆದ್ರೆ ಅದರ ಎಲ್ಲಾ ಮಹಡಿಗಳ ಜಾಗ ಕೂಡಿಸಿದ್ರೂ ಸುಮಾರು 3.09 ಲಕ್ಷ ಚದರ ಮೀಟರ್ ಅಷ್ಟೇ, 1943ರಲ್ಲಿ ಕಟ್ಟಿದ ಅಮೆರಿಕದ ಸೇನಾ ಪ್ರಧಾನ ಕಚೇರಿ ಪೆಂಟಗನ್ ನೆಲದ ಮೇಲೆ ಬರೀ ಐದು ಮಹಡಿ ಇದ್ರೂ ಅದರ ಫ್ಲೋರ್ ಏರಿಯಾ 6 ಲಕ್ಷ ಚದರ ಮೀಟರ್ ದಾಟುತ್ತೆ. ಅಂದ್ರೆ ಹತ್ತತ್ರ ಎರಡರಷ್ಟು. ಅದಕ್ಕೇ ಹೋಲಿಸೋಕೆ ಕೂರೋ ಮುಂಚೆ ದೊಡ್ಡದು ಅಂದ್ರೆ ಯಾವ ಲೆಕ್ಕದಲ್ಲಿ ಅನ್ನೋದನ್ನ ತೀರ್ಮಾನ ಮಾಡ್ಕೊಳ್ಳಿ.

ಲೆಕ್ಕ ನಾಲ್ಕು ಥರ ಇದೆ. ಎತ್ತರ ಒಂದು, ಕಟ್ಟಡ ನೆಲದ ಮೇಲೆ ಎಷ್ಟು ಜಾಗ ಆವರಿಸಿದೆ ಅನ್ನೋ ಫುಟ್‌ಪ್ರಿಂಟ್ ಒಂದು, ಎಲ್ಲಾ ಮಹಡಿ ಕೂಡಿಸಿದ ಫ್ಲೋರ್ ಏರಿಯಾ ಒಂದು, ಕೊನೇದು ಒಳಗೆ ಎಷ್ಟು ಗಾಳಿ ಹಿಡಿಸುತ್ತೆ ಅನ್ನೋ ಗಾತ್ರ, ಅಂದ್ರೆ ವಾಲ್ಯೂಮ್. ಒಂದೊಂದಕ್ಕೂ ಲಿಸ್ಟ್ ಬೇರೆ ಆಗುತ್ತೆ. ಫ್ಲೋರ್ ಏರಿಯಾದಲ್ಲಿ ಚೀನಾದ ಚೆಂಗ್ಡುನಲ್ಲಿ 2013ರಲ್ಲಿ ತೆರೆದ ನ್ಯೂ ಸೆಂಚುರಿ ಗ್ಲೋಬಲ್ ಸೆಂಟರ್ ಸುಮಾರು 17 ಲಕ್ಷ ಚದರ ಮೀಟರ್‌ನೊಂದಿಗೆ ಮೇಲಿನ ಸಾಲಲ್ಲಿದೆ, ವಾಲ್ಯೂಮ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಎವರೆಟ್‌ನಲ್ಲಿರೋ ಬೋಯಿಂಗ್ ವಿಮಾನ ಫ್ಯಾಕ್ಟರಿ 1.33 ಕೋಟಿ ಘನ ಮೀಟರ್. ಇವೆರಡನ್ನ ಒಂದೇ ಟೇಬಲ್‌ನಲ್ಲಿ ಹಾಕಿ ಯಾವುದು ಗೆದ್ದಿದ್ದು ಅಂತ ಕೇಳಿದ್ರೆ ಉತ್ತರ ಬರಲ್ಲ.

ಎತ್ತರಾನೂ ಅಂದ್ಕೊಂಡಷ್ಟು ಸುಲಭ ಅಲ್ಲ. ತುದಿಯ ಸ್ಪೈರ್ (ಚೂಪಾದ ಶಿಖರ) ವಿನ್ಯಾಸದ ಭಾಗ ಆಗಿದ್ರೆ ಲೆಕ್ಕಕ್ಕೆ ಬರುತ್ತೆ, ಆಂಟೆನಾ ಬರಲ್ಲ. ಇದರಿಂದಾನೇ 1998ರಲ್ಲಿ ಮುಗಿದ ಕೌಲಾಲಂಪುರದ ಪೆಟ್ರೋನಾಸ್ ಟವರ್ಸ್ 452 ಮೀಟರ್ ಅಂತ ಆಗಿ ಶಿಕಾಗೋದ 442 ಮೀಟರ್ ಸಿಯರ್ಸ್ ಟವರನ್ನ ಹಿಂದೆ ಹಾಕ್ತು, ಆದ್ರೆ ಜನ ಓಡಾಡೋ ಅತಿ ಮೇಲಿನ ಮಹಡಿ ನೋಡಿದ್ರೆ ಪೆಟ್ರೋನಾಸ್‌ದು 375 ಮೀಟರ್, ಸಿಯರ್ಸ್‌ದು 413. ಬುರ್ಜ್ ಖಲೀಫಾದಲ್ಲೂ ಸುಮಾರು 585 ಮೀಟರ್ ಮೇಲೆ ಜನ ಇರೋ ಮಹಡಿ ಇಲ್ಲ. ಸೋ ಯಾವ ಎತ್ತರ ಅಂತ ಪಕ್ಕದಲ್ಲಿ ಬರೆದಿಡಿ.

ಆಮೇಲೆ ಯೂನಿಟ್. ಅಮೆರಿಕದ ಅಂಕಿಗಳು ಅಡಿ, ಎಕರೆಯಲ್ಲಿ ಇರ್ತವೆ, ಬೇರೆ ಕಡೇದು ಮೀಟರ್‌ನಲ್ಲಿ. 1 ಚದರ ಮೀಟರ್ ಅಂದ್ರೆ 10.76 ಚದರ ಅಡಿ, 1 ಘನ ಮೀಟರ್ ಅಂದ್ರೆ 35.3 ಘನ ಅಡಿ, 1 ಎಕರೆ ಅಂದ್ರೆ 4047 ಚದರ ಮೀಟರ್. ಎಲ್ಲಾನೂ ಮೀಟರ್‌ಗೆ ತಂದುಬಿಡಿ, ಮುಗೀತು.

ಈಗ ನಂಗೆ ತುಂಬ ಇಷ್ಟವಾದ ಭಾಗ, ವಾಲ್ಯೂಮ್. ಇಲ್ಲಿ ಎಲ್ಲರೂ ಎಡವೋದು ಉದ್ದ, ಅಗಲ, ಎತ್ತರ ಗುಣಿಸಿಬಿಡೋದ್ರಲ್ಲಿ. ಜರ್ಮನಿಯಲ್ಲಿ ಏರಿಯಂ ಅಂತ ಒಂದು ಹ್ಯಾಂಗರ್ (ದೈತ್ಯ ಶೆಡ್) ಇದೆ, ಏರ್‌ಶಿಪ್ (ಗ್ಯಾಸ್ ತುಂಬಿ ಹಾರಿಸೋ ಹಡಗು) ಕಟ್ಟೋಕೆ ಅಂತ ಮಾಡಿದ್ದು, ಈಗ ಅದರೊಳಗೆ ಟ್ರಾಪಿಕಲ್ ಐಲ್ಯಾಂಡ್ಸ್ ಅನ್ನೋ ವಾಟರ್ ಪಾರ್ಕ್ ಇದೆ. ಅದು 360 ಮೀಟರ್ ಉದ್ದ, 210 ಅಗಲ, 107 ಎತ್ತರ, ಗುಣಿಸಿದ್ರೆ 80 ಲಕ್ಷ ದಾಟುತ್ತೆ, ಆದ್ರೆ ನಿಜವಾದ ಗಾತ್ರ ಸುಮಾರು 52 ಲಕ್ಷ ಘನ ಮೀಟರ್, ಯಾಕಂದ್ರೆ ಅದು ಡಬ್ಬಿ ಥರ ಇಲ್ಲ, ಕವುಚಿ ಹಾಕಿದ ಅರ್ಧ ಪೀಪಾಯಿ ಥರ ಇದೆ, ಎರಡು ತುದಿಗಳೂ ದುಂಡಗೆ ಇಳೀತವೆ. ಗೀಜಾದ ದೊಡ್ಡ ಪಿರಮಿಡ್ ತಗೊಳ್ಳಿ, ತಳ 230 ಮೀಟರ್ ಚೌಕ, ಮೂಲ ಎತ್ತರ 146.6 ಮೀಟರ್, ಗುಣಿಸಿ ಮೂರರಿಂದ ಭಾಗಿಸಿದ್ರೆ ಸುಮಾರು 26 ಲಕ್ಷ ಘನ ಮೀಟರ್ ಬರುತ್ತೆ. (ಅದರಲ್ಲಿ ಹೆಚ್ಚುಕಮ್ಮಿ ಪೂರ್ತಿ ಕಲ್ಲೇ, ಹಾಗಾಗಿ ಹೊರಗಿನ ಗಾತ್ರ ಮಾತ್ರ ಹೋಲಿಸಬಹುದು.)

ಎಲ್ಲೋ ಓದಿದ ಅಂಕಿ ನಂಬಬಹುದಾ ಅಂತ ನೋಡೋಕೆ ಒಂದು ಉಪಾಯ ಇದೆ, ವಾಲ್ಯೂಮನ್ನ ಫುಟ್‌ಪ್ರಿಂಟ್‌ನಿಂದ ಭಾಗಿಸಿ. ಬೋಯಿಂಗ್ ಫ್ಯಾಕ್ಟರಿ ಸುಮಾರು 3.98 ಲಕ್ಷ ಚದರ ಮೀಟರ್ ಮೇಲೆ ನಿಂತಿದೆ, ಭಾಗಿಸಿದ್ರೆ ಸರಾಸರಿ ಎತ್ತರ 33 ಮೀಟರ್ ಚಿಲ್ಲರೆ. ಅಲ್ಲಿ ತಯಾರಾಗ್ತಿದ್ದ ಜಂಬೋ ಜೆಟ್‌ನ ಬಾಲ ನೆಲದಿಂದ ಹತ್ತೊಂಬತ್ತು ಮೀಟರ್ ಮೇಲಿರುತ್ತೆ, ಅದರ ಮೇಲೆ ಕ್ರೇನ್ ಓಡಾಡಬೇಕಿತ್ತು, ಹಾಗಾಗಿ 33 ಸರಿಯಾಗೇ ಕೂರುತ್ತೆ. ಉತ್ತರ 5 ಮೀಟರ್ ಅಂತಾನೋ 300 ಅಂತಾನೋ ಬಂದಿದ್ರೆ ಎಲ್ಲೋ ಯೂನಿಟ್ ತಪ್ಪಿದೆ ಅಂತ ಅರ್ಥ.

ಕೋಟಿ, ಲಕ್ಷ ಓದ್ತಾ ಹೋದ್ರೆ ಮನಸ್ಸಿಗೆ ಏನೂ ಹತ್ತಲ್ಲ, ಅದಕ್ಕೆ ಪ್ರತಿ ಗಾತ್ರದ ಘನಮೂಲ ತೆಗೀರಿ, ಫೋನ್ ಕ್ಯಾಲ್ಕುಲೇಟರ್ ಅಡ್ಡ ಹಿಡಿದ್ರೆ ಸಾಮಾನ್ಯವಾಗಿ ಆ ಬಟನ್ ಸಿಗುತ್ತೆ. ಕಟ್ಟಡವನ್ನ ಕರಗಿಸಿ ಒಂದು ಘನಾಕೃತಿ ಮಾಡಿದ್ರೆ ಅದರ ಒಂದು ಬದಿ ಎಷ್ಟಿರುತ್ತೆ ಅನ್ನೋದು ಗೊತ್ತಾಗುತ್ತೆ. ಬೋಯಿಂಗ್ ಫ್ಯಾಕ್ಟರಿ 237 ಮೀಟರ್, ಏರಿಯಂ 173, ರಾಕೆಟ್ ಜೋಡಿಸೋಕೆ ನಾಸಾ ಫ್ಲಾರಿಡಾದಲ್ಲಿ ಕಟ್ಟಿದ ವೆಹಿಕಲ್ ಅಸೆಂಬ್ಲಿ ಬಿಲ್ಡಿಂಗ್ (36.6 ಲಕ್ಷ ಘನ ಮೀಟರ್) 154, ಪಿರಮಿಡ್ ಸುಮಾರು 137. ಗಾತ್ರದಲ್ಲಿ ಬೋಯಿಂಗ್ ಪಿರಮಿಡ್‌ನ ಐದರಷ್ಟಿದ್ರೂ ಬದಿ ಬರೀ 1.7 ಪಟ್ಟು ಅನ್ನೋದು ನೋಡಿ, ಬದಿ ಸ್ವಲ್ಪ ಬೆಳೆದ್ರೂ ಗಾತ್ರ ಎಷ್ಟು ಏರುತ್ತೆ ಅಂತ ಇಲ್ಲಿ ಅರ್ಥ ಆಗುತ್ತೆ.

ಫುಟ್‌ಪ್ರಿಂಟ್ ನೀವೇ ಅಳೀಬೇಕು ಅಂದ್ರೆ ಗೂಗಲ್ ಅರ್ಥ್‌ನ ಅಳತೆ ಟೂಲ್‌ನಲ್ಲಿ ಕಟ್ಟಡದ ಸುತ್ತ ಗೆರೆ ಎಳೀರಿ, ಏರಿಯಾ ಅದೇ ಕೊಡುತ್ತೆ. ಎತ್ತರದ ಕಟ್ಟಡ ಫೋಟೋದಲ್ಲಿ ಒಂದು ಕಡೆಗೆ ವಾಲಿದ ಹಾಗೆ ಕಾಣುತ್ತೆ, ಗೆರೆ ಬುಡದ ಸುತ್ತ ಇರಲಿ, ಮೇಲಿನ ಛಾವಣಿ ಸುತ್ತ ಅಲ್ಲ. ಒಂದೇ ಕಟ್ಟಡಾನಾ ಅಂತಾನೂ ಕೇಳ್ಕೊಳ್ಳಿ: 2023ರಲ್ಲಿ ಉದ್ಘಾಟನೆಯಾದ ಸೂರತ್ ಡೈಮಂಡ್ ಬೋರ್ಸ್ (ವಜ್ರ ವ್ಯಾಪಾರ ಕೇಂದ್ರ) ಪೆಂಟಗನ್‌ಗಿಂತ ದೊಡ್ಡ ಆಫೀಸ್ ಕಟ್ಟಡ ಅಂತ ಎಣಿಸ್ತಾರೆ, ಅದು ಒಂಬತ್ತು ಟವರ್ ಮಧ್ಯದ ಕಾರಿಡಾರ್‌ಗೆ ಕೂಡಿಕೊಂಡಿರೋ ರಚನೆ, ಕಾರಿಡಾರ್ ಇಲ್ದಿದ್ರೆ ಒಂಬತ್ತು ಬೇರೆ ಬೇರೆ ಲೆಕ್ಕ ಆಗ್ತಿತ್ತು.

ಇಷ್ಟಾದ ಮೇಲೆ ಒಂದು ಹಾಳೇಲಿ 1 ಸೆಂಟಿಮೀಟರ್‌ಗೆ 50 ಮೀಟರ್ ಅಂತ ಇಟ್ಕೊಂಡು ಪಕ್ಕದಿಂದ ಕಾಣೋ ಹಾಗೆ ಬರೀರಿ. ಬುರ್ಜ್ ಖಲೀಫಾ 16.6 ಸೆಂಟಿಮೀಟರ್ ಉದ್ದದ ಸೂಜಿ ಆಗುತ್ತೆ. ಬೋಯಿಂಗ್ ಫ್ಯಾಕ್ಟರಿಯ ಜಾಗಾನ ಚೌಕ ಅಂದ್ಕೊಂಡ್ರೆ ಅದೇ ಹಾಳೇಲಿ 12.6 ಸೆಂಟಿಮೀಟರ್ ಅಗಲದ, 7 ಮಿಲಿಮೀಟರ್ ಕೂಡ ದಪ್ಪ ಇಲ್ಲದ ಒಂದು ಹಲಗೆ.