ಮಾರಿಸ್ ಮೈನರ್ ಗೇರ್‌ಬಾಕ್ಸ್ ಸೋರಿಕೆ: ಶಾಫ್ಟ್ ಬಿಚ್ಚಿ ಸೀಲ್ ಬದಲಿಸಿದ ನನ್ನ ಅನುಭವ

ಹಳೇ ಬ್ರಿಟಿಷ್ ಕಾರು ಅಂದ್ರೆ ಆಯಿಲ್ ಸೋರೋದೇ ಎಂದು ಬೆಂಗಳೂರಿನಲ್ಲಿ ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಎಲ್ಲಿಂದ ಸೋರುತ್ತಿದೆ ಎಂದು ತಾಳ್ಮೆಯಿಂದ ಹುಡುಕಬೇಕು ಅಷ್ಟೆ.

ನನ್ನದು 948 ಸಿಸಿ ಎಂಜಿನ್ನಿನ ಮಾರಿಸ್ ಮೈನರ್ 1000. ಈ ಕಾರಿನಲ್ಲಿ ಹುಡುಕುವುದು ಸ್ವಲ್ಪ ಕಷ್ಟ. ಗೇರ್‌ಬಾಕ್ಸಿಗೂ ಎಂಜಿನ್ ಆಯಿಲೇ ಹಾಕುವುದರಿಂದ ವಾಸನೆ ನೋಡಿ ಹೇಳಲು ಆಗುವುದಿಲ್ಲ. ಬಣ್ಣ ನೋಡಬೇಕು. ಎಂಜಿನ್ನಿನದು ಬೇಗ ಕಪ್ಪಾಗುತ್ತದೆ, ಗೇರ್‌ಬಾಕ್ಸಿನದು ಜೇನಿನ ಬಣ್ಣದಲ್ಲೇ ಇರುತ್ತದೆ. ಕೆಳಭಾಗವನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒಂದು ಸುತ್ತು ಓಡಿಸಿ, ರಾತ್ರಿ ಅಡಿಯಲ್ಲಿ ರಟ್ಟು ಹಾಸಿದೆ. ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಇರುವ ಕವಚ) ತಳದ ತೂತಿನಲ್ಲಿ ನೇತಾಡುವ ಸ್ಪ್ಲಿಟ್ ಪಿನ್ನಿನಿಂದ ಒಂದೆರಡು ಕಪ್ಪು ಹನಿ ಬಿದ್ದಿತ್ತು. ಅದು ಎಂಜಿನ್ನಿನದು. ಗೇರ್‌ಬಾಕ್ಸಿನ ಹಿಂದಿನ ತುದಿಯ ಕೆಳಗೆ ಮಾತ್ರ ತಿಳಿ ಆಯಿಲ್ ಜಾಸ್ತಿ ಇತ್ತು. ಮೇಲೆ ಟನಲ್‌ಗೂ (ಕಾರಿನ ನೆಲದ ನಡುವಿನ ಉಬ್ಬಿಗೂ) ಸುತ್ತಲೂ ಸಿಡಿದಿತ್ತು. ತಿರುಗುವ ಶಾಫ್ಟ್ ಎರಚಿದ ಗುರುತು ಅದು. ಅಂದರೆ ಹಿಂದಿನ ಆಯಿಲ್ ಸೀಲ್ (ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಬಳೆ) ಹೋಗಿದೆ.

ಇದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು ಎಂದು ಒಬ್ಬ ಮೆಕ್ಯಾನಿಕ್ ಹೇಳಿದ್ದರು. ಬೇಕಾಗಿಲ್ಲ. ಮೈನರ್‌ನ ಪ್ರೊಪೆಲ್ಲರ್ ಶಾಫ್ಟ್ ಎಂದರೆ ಗೇರ್‌ಬಾಕ್ಸಿನ ಶಕ್ತಿಯನ್ನು ಹಿಂದಿನ ಚಕ್ರಗಳ ಕಡೆಗೆ ಒಯ್ಯುವ ಉದ್ದ ಕೊಳವೆ. ಅದರ ಹಿಂದಿನ ತುದಿಯನ್ನು ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ಲಿನ ಗೇರುಪೆಟ್ಟಿಗೆ) ಫ್ಲ್ಯಾಂಜಿಗೆ, ಅಂದರೆ ಅದರ ಜೋಡಣೆಯ ಚಪ್ಪಟೆ ಬಿಲ್ಲೆಗೆ, ನಾಲ್ಕು ಬೋಲ್ಟು ಹಿಡಿದಿರುತ್ತವೆ. ಮುಂದಿನ ತುದಿಯ ಯೋಕ್ (ಶಾಫ್ಟಿನ ತೋಳಿನಂಥ ತುದಿ) ಗೇರ್‌ಬಾಕ್ಸಿನೊಳಗೆ ಸ್ಪ್ಲೈನ್ (ಉದ್ದುದ್ದ ಹಲ್ಲುಗಳು) ಮೇಲೆ ಜಾರಿ ಕೂತಿರುತ್ತದೆ. ಬೋಲ್ಟು ಬಿಚ್ಚಿ ಹಿಂದಕ್ಕೆ ಎಳೆದರೆ ಶಾಫ್ಟ್ ಬಂತು.

ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಟ್ಟು, ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಶಾಫ್ಟ್ ಬಿಚ್ಚಿದ ಮೇಲೆ ಗೇರಿನಲ್ಲಿಟ್ಟರೂ ಕಾರು ನಿಲ್ಲುವುದಿಲ್ಲ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು, ಅವು ಗಾಳಿಯಲ್ಲಿವೆ. ಹಾಗಾಗಿ ಮರದ ತುಂಡೇ ಗತಿ, ಮಲ್ಲೇಶ್ವರದಂಥ ಇಳಿಜಾರಿನ ಕಡೆಯಂತೂ ಇದನ್ನು ಮರೆಯಲೇಬಾರದು. ಹಿಂಭಾಗ ಎತ್ತಿದ್ದರಿಂದ ಇನ್ನೊಂದು ಲಾಭವಿದೆ. ಆಯಿಲ್ ಮುಂದಕ್ಕೆ ಹರಿಯುತ್ತದೆ, ಯೋಕ್ ಹೊರಬಂದಾಗ ಮುಖದ ಮೇಲೆ ಸುರಿಯುವುದಿಲ್ಲ.

ಬೋಲ್ಟಿಗೆ 1/2 ಇಂಚಿನ ಸ್ಪ್ಯಾನರ್ರೇ ಬೇಕು. 13 ಮಿ.ಮೀ. ಕೂತ ಹಾಗೆ ಅನ್ನಿಸುತ್ತದೆ, ಆದರೆ 1/2 ಇಂಚು ಎಂದರೆ 12.7 ಮಿ.ಮೀ. ಬಿಗಿದ ಬೋಲ್ಟಿನ ಮೂಲೆ ತಿಂದುಹಾಕಲು ಆ ಸಂದು ಸಾಕು. ಬಿಚ್ಚುವ ಮೊದಲು ಎರಡೂ ಫ್ಲ್ಯಾಂಜುಗಳ ಮೇಲೆ ಪೇಂಟಿನ ಗೆರೆ ಹಾಕಿದೆ. ಶಾಫ್ಟ್ ಅದೇ ಜಾಗದಲ್ಲಿ ಕೂರದಿದ್ದರೆ ಅದುರಬಹುದು. ಪ್ರತಿ ಬೋಲ್ಟಿಗೂ ಚಕ್ರ ತಿರುಗಿಸಿ, ಹ್ಯಾಂಡ್‌ಬ್ರೇಕ್ ಎಳೆದು ಸಡಿಲಿಸಿದೆ.

ಹಳೇ ಸೀಲಿನ ರಬ್ಬರ್ ಕಲ್ಲಾಗಿತ್ತು. ತೆಗೆಯುವಾಗ ಅವಸರ ಬೇಡ. ಸೀಲ್ ಕೂರುವ ಜಾಗಕ್ಕೆ ಗೀರು ಬಿದ್ದರೆ ಹೊಸ ಸೀಲ್ ಹಾಕಿಯೂ ಪ್ರಯೋಜನವಿಲ್ಲ. ಹೊಸದಕ್ಕೆ ಹಳೆಯದನ್ನು ಹಿಡಿದುಕೊಂಡು ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋದೆ. ಅಂಗಡಿಯವರು ವರ್ನಿಯರ್‌ನಲ್ಲಿ ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ ಮೂರನ್ನೂ ನೋಡಿದರು. "ಸಾರ್, ಇದು ಇಂಚಿನ ಸೈಜು. ಮಿಲಿಮೀಟರ್‌ದು ಹತ್ತಿರ ಬರುತ್ತೆ, ಆದ್ರೆ ನಿಲ್ಲಲ್ಲ" ಎಂದು ಹುಡುಕಿ ಸರಿಯಾದದ್ದನ್ನೇ ಕೊಟ್ಟರು.

ಎಲ್ಲಕ್ಕಿಂತ ಮುಖ್ಯ ಯೋಕ್. ಸೀಲಿನ ತುಟಿ (ಒಳ ಅಂಚು) ಉಜ್ಜುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ನನ್ನದರಲ್ಲಿ ಹೊಳೆಯುವ ಗೆರೆ ಮಾತ್ರ ಇತ್ತು. ನಯವಾದ ಎಮರಿ ಪೇಪರಿನಲ್ಲಿ ಸುತ್ತಲೂ ಉಜ್ಜಿದೆ, ಉದ್ದಕ್ಕೆ ಉಜ್ಜಬಾರದು. ಯೂನಿವರ್ಸಲ್ ಜಾಯಿಂಟಿನ (ಶಾಫ್ಟಿನ ಬಾಗುವ ಕೀಲಿನ) ಕ್ರಾಸ್‌ಗಳನ್ನೂ ಕೈಯಲ್ಲಿ ಆಡಿಸಿ ನೋಡಿದೆ. ಶಾಫ್ಟ್ ಕೈಯಲ್ಲಿರುವಾಗಲ್ಲದೆ ಇನ್ಯಾವಾಗ ನೋಡೋದು, ಅಲ್ವಾ?

ಸೀಲಿನ ಸ್ಪ್ರಿಂಗ್ ಇರುವ ಮುಖ ಗೇರ್‌ಬಾಕ್ಸಿನ ಒಳಕ್ಕೆ ಬರಬೇಕು. ಅಷ್ಟೇ ಅಗಲದ ಪೈಪಿನ ತುಂಡು ಇಟ್ಟು ಮೆಲ್ಲಗೆ, ಸಮನಾಗಿ ಬಡಿದೆ. ತುಟಿಗೆ ಆಯಿಲ್ ಸವರಿ ಯೋಕ್ ಒಳಗೆ ಬಿಟ್ಟೆ. ಒಣಗಿದ ತುಟಿ ಮೊದಲ ಓಟದಲ್ಲೇ ಸುಟ್ಟುಹೋಗುತ್ತದೆ. ಗೆರೆಗೆ ಗೆರೆ ಸೇರಿಸಿ, ಹೊಸ ಲಾಕ್ ನಟ್ ಹಾಕಿ ಬಿಗಿದೆ.

ಕಾರು ಇಳಿಸಿ, ಸಮತಟ್ಟಾದ ಕಡೆ ನಿಲ್ಲಿಸಿ ಗೇರ್‌ಬಾಕ್ಸಿಗೆ ಎಂಜಿನ್ ಆಯಿಲ್ ಹಾಕಿ ಮಟ್ಟಕ್ಕೆ ತಂದೆ. ಪೂರ್ತಿ ಬದಲಿಸಿದರೆ ಸುಮಾರು 1.3 ಲೀಟರ್ ಹಿಡಿಯುತ್ತದೆ. ಸೋರಿಕೆ ತಗ್ಗಲಿ ಎಂದು ಇದಕ್ಕೆ ಡಿಫರೆನ್ಷಿಯಲ್‌ನ 90 ನಂಬರ್ ದಪ್ಪ ಆಯಿಲ್ ಸುರಿಯುವವರಿದ್ದಾರೆ. ದಯವಿಟ್ಟು ಬೇಡ. ಗೇರ್ ಬೀಳುವುದು ಬಿಗಿಯಾಗುತ್ತದೆ, ಸೀಲ್ ಹಾಳಾದದ್ದು ಹಾಳಾಗಿಯೇ ಇರುತ್ತದೆ.

ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿವರೆಗೆ ಓಡಿಸಿ ಬಂದು ಮತ್ತೆ ರಟ್ಟು ಹಾಸಿದೆ. ಹಿಂದಿನ ತುದಿಯ ಕೆಳಗೆ ಏನೂ ಬಿದ್ದಿರಲಿಲ್ಲ. ಸ್ಪ್ಲಿಟ್ ಪಿನ್ನಿನ ಕಪ್ಪು ಹನಿ ಇನ್ನೂ ಇದೆ. ಅದನ್ನು ನೋಡಲು ಎಂಜಿನ್ ಇಳಿಸಬೇಕು. ಕ್ಲಚ್ ಬದಲಿಸುವಾಗ ಅದನ್ನೂ ಮಾಡುತ್ತೇನೆ.