ಡಾಲ್ಫಿನ್ ಬಾಲದ ಬಿರುಕು

ನನ್ನ ಹತ್ತಿರ ತಾರಾಸ್ ಊರಿನ ಒಂದು ಬೆಳ್ಳಿ ನಾಣ್ಯ ಇದೆ. ತಾರಾಸ್ ಅಂದರೆ ದಕ್ಷಿಣ ಇಟಲಿಯ ಈಗಿನ ತಾರಾಂತೊ. ಸ್ಪಾರ್ಟಾದಿಂದ ಹೋದ ಗ್ರೀಕರು ಕಟ್ಟಿದ ಊರು. ನಾಣ್ಯದ ಒಂದು ಮುಖದಲ್ಲಿ ಕುದುರೆ ಸವಾರ, ಇನ್ನೊಂದರಲ್ಲಿ ಡಾಲ್ಫಿನ್ ಬೆನ್ನೇರಿದ ಹುಡುಗ. ತೂಕ 7.8 ಗ್ರಾಂ. ಲಂಡನ್ನಿನಲ್ಲಿ ಕೊಂಡಾಗ ಸಿಕ್ಕ ಚೀಟಿಯಲ್ಲಿ ‘ಹಳೆಯ ಸಂಗ್ರಹ’ ಅಂತಷ್ಟೇ ಇತ್ತು. ಯಾರ ಸಂಗ್ರಹ ಅಂದರೆ ವ್ಯಾಪಾರಿ ನಕ್ಕು ಸುಮ್ಮನಾದರು.

ಪೂರ್ವಾಪರ ಹುಡುಕಿದ್ದು ಬರೀ ಕುತೂಹಲಕ್ಕಲ್ಲ. ಅಗೆದಾಗ ಸಿಕ್ಕ ಪುರಾತನ ವಸ್ತು ಸರ್ಕಾರದ್ದು ಅನ್ನುವ ಕಾನೂನು ಇಟಲಿಯಲ್ಲಿ 1909ರಲ್ಲೇ ಬಂತು. ಆಮೇಲೆ ಇಂಥ ವಸ್ತುಗಳ ಕಳ್ಳಸಾಗಣೆ ತಡೆಯುವ 1970ರ ಯುನೆಸ್ಕೊ ಒಪ್ಪಂದ. ನಾಣ್ಯ ಕನಿಷ್ಠ ಆ ಒಪ್ಪಂದಕ್ಕೂ ಮೊದಲೇ ಮಾರುಕಟ್ಟೆಯಲ್ಲಿತ್ತು ಅನ್ನಲು ಹಳೆಯ ಪುಸ್ತಕದಲ್ಲಿ ಅದರ ಚಿತ್ರ ಸಿಗಬೇಕು. ಕದ್ದು ಅಗೆದ ಮಾಲನ್ನು ಬೀರುವಿನಲ್ಲಿಟ್ಟುಕೊಂಡು ನಿದ್ದೆ ಬರಬೇಕಲ್ವಾ?

ಮೊದಲು ಮನೆಯಲ್ಲೇ ಕೂತು ನೋಡಿದೆ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಲೈಬ್ರರಿ ಹಳೆಯ ಹರಾಜು ಕ್ಯಾಟಲಾಗ್‌ಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. 1921ರಲ್ಲಿ ಹರಾಜಾದ ಪೊಜ್ಜಿ ಸಂಗ್ರಹವನ್ನೂ ಪುಟಪುಟ ತಿರುವಿದೆ. ಪೊಜ್ಜಿ ಪ್ಯಾರಿಸ್ಸಿನ ದೊಡ್ಡ ಡಾಕ್ಟರ್. 1918ರಲ್ಲಿ ಅವರದೇ ರೋಗಿಯೊಬ್ಬ ಗುಂಡು ಹಾರಿಸಿ ಕೊಂದ. ಅವರ ಕಥೆ ಓದುತ್ತಾ ಒಂದು ಸಂಜೆ ಹೋಯಿತು, ನನ್ನ ನಾಣ್ಯ ಸಿಗಲಿಲ್ಲ.

ಮೂರನೇ ವಾರ ಇನ್ನೊಂದು ಕ್ಯಾಟಲಾಗಿನಲ್ಲಿ ಸಿಕ್ಕೇಬಿಟ್ಟಿತು ಅಂದುಕೊಂಡೆ. ಕುದುರೆಯ ಕಾಲ ಕೆಳಗೆ ಅದೇ ಉಬ್ಬು ಗೆರೆ! ಮನೆಯವರಿಗೆಲ್ಲ ಹೇಳಿ ಚಹಾ ಕುಡಿದದ್ದೂ ಆಯಿತು. ಮಾರನೇ ದಿನ ಹೊಳೆಯಿತು, ಆ ಗೆರೆ ಅಚ್ಚು ಬಿರಿದು ಬಂದದ್ದು. ಆ ಅಚ್ಚು ಬಿರಿದ ಮೇಲೆ ಹೊಡೆದ ಪ್ರತಿ ನಾಣ್ಯದಲ್ಲೂ ಅದು ಇರುತ್ತದೆ. ನನಗೆ ಸಿಕ್ಕಿದ್ದು ನನ್ನ ನಾಣ್ಯದ ಅಣ್ಣನೋ ತಮ್ಮನೋ.

ಅಲ್ಲಿಂದ ಚಿತ್ರ ಬಿಟ್ಟು ಅಂಚು ನೋಡಲು ಶುರುಮಾಡಿದೆ. ಸುತ್ತಿಗೆಯಲ್ಲಿ ಒಂದೊಂದಾಗಿ ಹೊಡೆದ ನಾಣ್ಯ, ಒಂದರಂತೆ ಇನ್ನೊಂದು ಇರಲ್ಲ. ನನ್ನದರಲ್ಲಿ ಡಾಲ್ಫಿನ್ ಬಾಲದ ಹತ್ತಿರ ಅಂಚು ಕೂದಲೆಳೆಯಷ್ಟು ಸೀಳಿದೆ. ಮುದ್ರೆ ಎಡಕ್ಕೆ ಸರಿದು ಹುಡುಗನ ಮುಂಚಾಚಿದ ಬೆರಳು ಹೊರಗುಳಿದಿದೆ. ಈ ಎರಡನ್ನೇ ಹಿಡಿದುಕೊಂಡೆ. ತೂಕವನ್ನು ಜಾಸ್ತಿ ನಂಬಲಿಲ್ಲ. ಅಂದಿನ ತಕ್ಕಡಿಯೇ ಬೇರೆ, ಸ್ವಚ್ಛ ಮಾಡಿದರೂ ಒಂದಿಷ್ಟು ಕಮ್ಮಿಯಾಗುತ್ತದೆ. ಗೀರಿನ ಲೆಕ್ಕವೂ ಒಮ್ಮುಖ. ಇವತ್ತು ಇರುವ ಗೀರು ಹಳೆಯ ಚಿತ್ರದಲ್ಲಿ ಇಲ್ಲದಿದ್ದರೆ ಆಮೇಲೆ ಬಿದ್ದಿರಬಹುದು. ಅಂದು ಇದ್ದ ಆಳವಾದ ಗೀರು ಇಂದು ಇಲ್ಲ ಅಂದರೆ ಅನುಮಾನ ಪಡಬೇಕು.

ಇನ್ನೊಂದು ತೊಡಕು. ಆಗಿನ ಚಿತ್ರಗಳು ಬಹುಪಾಲು ನಾಣ್ಯದ ಫೋಟೊ ಅಲ್ಲ, ಪ್ಲಾಸ್ಟರ್ ಪಡಿಯಚ್ಚಿನ ಫೋಟೊ. ಬೆಳ್ಳಿಯ ಕಪ್ಪು ಕಾಣಲ್ಲ. ಪಡಿಯಚ್ಚಿನ ಅಂಚನ್ನು ಕತ್ತರಿಸಿ ನಯ ಮಾಡಿದ್ದರಂತೂ ಬಿರುಕೂ ಮಾಯ.

ಕೊನೆಗೆ ಸಿಕ್ಕಿದ್ದು ಲಂಡನ್ನಿನ ಒಂದು ಲೈಬ್ರರಿಯಲ್ಲಿ, 1920ರ ದಶಕದ ಕ್ಯಾಟಲಾಗಿನಲ್ಲಿ. ಸೀಳು ಇತ್ತು, ಬೆರಳು ಇರಲಿಲ್ಲ. ಹಿಂದಿನ ಸಲದ ಚಹಾ ನೆನಪಾಗಿ ಎರಡೂ ಮುಖಗಳಿಗೆ ಕ್ಯಾಟಲಾಗಿನ ಚಿತ್ರವನ್ನೂ ನನ್ನ ನಾಣ್ಯದ ಫೋಟೊವನ್ನೂ ಮೊಬೈಲಿನಲ್ಲಿ ಒಂದರ ಮೇಲೊಂದು ಇಟ್ಟು ಮೂರು ಸಲ ನೋಡಿದೆ. ಕೂತಿತು.

ಲಾಟ್ ನಂಬರಿನ ಪಕ್ಕ ಯಾರೋ ಪೆನ್ಸಿಲ್‌ನಲ್ಲಿ ಹರಾಜಿನ ಬೆಲೆ ಬರೆದಿದ್ದರು. ಅದರ ಮುಂದೆ ಕೊಂಡವರ ಹೆಸರಿನ ಮೊದಲ ಅಕ್ಷರ. ‘ಬಿ’ಯೋ ‘ಆರ್’ಓ, ಲೈಬ್ರರಿಯವರನ್ನು ಕೇಳಿದೆ, ಅವರಿಗೂ ಗೊತ್ತಾಗಲಿಲ್ಲ.