ಋತುವಿಗೊಂದು ದಿನಚರಿ: ಚೀನೀ ವೈದ್ಯಪದ್ಧತಿಯನ್ನು ಮನೆಯಲ್ಲಿ ಪಾಲಿಸುವುದು ಹೇಗೆ?

ಚೀನಾದ ಸಾಂಪ್ರದಾಯಿಕ ವೈದ್ಯ ಎಂದ ಕೂಡಲೇ ನಮಗೆ ನೆನಪಾಗುವುದು ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಮತ್ತು ಕಹಿ ಕಷಾಯ. ಆದರೆ ಆ ವೈದ್ಯದ ಮೂಲಗ್ರಂಥ ‘ಹ್ವಾಂಗ್‌ದಿ ನೈಜಿಂಗ್’ನ ಎರಡನೆಯ ಅಧ್ಯಾಯದಲ್ಲಿರುವುದು ಔಷಧವಲ್ಲ. ಯಾವ ಋತುವಿನಲ್ಲಿ ಯಾವಾಗ ಮಲಗಬೇಕು, ಯಾವಾಗ ಏಳಬೇಕು, ಮನಸ್ಸನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬ ವಿವರ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಹಾನ್ ರಾಜವಂಶದ ಕಾಲಕ್ಕೆ ರೂಪುಗೊಂಡ ಗ್ರಂಥ ಇದು. ಒಂದು ಋತುವಿನಲ್ಲಿ ನಡೆದ ಅಪಚಾರ ಆಗಲೇ ಕಾಣಿಸಿಕೊಳ್ಳುವುದಿಲ್ಲ, ಮುಂದಿನ ಋತುವಿನಲ್ಲಿ ಕಾಯಿಲೆಯಾಗಿ ಬರುತ್ತದೆ ಎನ್ನುತ್ತದೆ ಆ ಅಧ್ಯಾಯ. ವಸಂತದಲ್ಲಿ ತಪ್ಪಿದವರಿಗೆ ಬೇಸಿಗೆಯಲ್ಲಿ ಶೀತದ ಬಾಧೆ, ಶರತ್ಕಾಲದಲ್ಲಿ ತಪ್ಪಿದವರಿಗೆ ಚಳಿಗಾಲದಲ್ಲಿ ಭೇದಿ. ಸಾಲ ಮಾಡಿದ್ದು ಈಗ, ಬಡ್ಡಿ ಕಟ್ಟುವುದು ಮೂರು ತಿಂಗಳ ನಂತರ.

ಆದ್ದರಿಂದ ಚೀನೀ ಋತುಚರ್ಯೆಯ ಕೀಲಿಕೈ ಇರುವುದು ಮುಂಚಿತವಾಗಿ ಹೊಂದಿಕೊಳ್ಳುವುದರಲ್ಲಿ. ದುಬಾರಿ ಬೇರು, ಪುಡಿಗಳನ್ನು ಕೊಂಡು ತರುವ ಮೊದಲು ನಿದ್ದೆ, ಬಟ್ಟೆ, ಪಾತ್ರೆಯಲ್ಲಿ ಬೇಯುವ ಆಹಾರ ಈ ಮೂರನ್ನು ಸರಿಮಾಡಿಕೊಂಡರೆ ಮುಕ್ಕಾಲು ಪಾಲು ಕೆಲಸ ಆದಂತೆ.

ಮೊದಲ ಹೆಜ್ಜೆ: ನಾಲ್ಕು ದಿನಾಂಕ ಗುರುತಿಸಿಕೊಳ್ಳಿ

ಆಯುರ್ವೇದ ವರ್ಷವನ್ನು ಆರು ಋತುಗಳಾಗಿ ಹಂಚಿದರೆ ಚೀನೀಯರು ಸೂರ್ಯನ ಪಥವನ್ನು 15 ಡಿಗ್ರಿಗೊಂದರಂತೆ 24 ಘಟ್ಟಗಳಾಗಿ ಹಂಚಿದರು. ಒಂದೊಂದು ಘಟ್ಟ ಸುಮಾರು ಹದಿನೈದು ದಿನದ್ದು. ಕ್ರಿ.ಪೂ. 104ರ ತೈಚು ಪಂಚಾಂಗದಲ್ಲಿ ಸೇರಿದ ಈ ಲೆಕ್ಕ ಇಂದಿಗೂ ಚೀನಾದ ಗೋಡೆ ಕ್ಯಾಲೆಂಡರ್‌ಗಳಲ್ಲಿದೆ. 2016ರಲ್ಲಿ ಯುನೆಸ್ಕೊ ಇದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಆರಂಭಕ್ಕೆ ಇಪ್ಪತ್ತನಾಲ್ಕೂ ಬೇಡ, ನಾಲ್ಕು ಸಾಕು. ಫೆಬ್ರುವರಿ 4ರ ಆಸುಪಾಸು ವಸಂತ, ಮೇ 5ರ ಹೊತ್ತಿಗೆ ಬೇಸಿಗೆ, ಆಗಸ್ಟ್ 7ರ ಹೊತ್ತಿಗೆ ಶರತ್ಕಾಲ, ನವೆಂಬರ್ 7ರ ಹೊತ್ತಿಗೆ ಚಳಿಗಾಲ ಶುರು. ಇದು ಥರ್ಮಾಮೀಟರ್ ನೋಡಿ ಹಾಕಿದ ಲೆಕ್ಕವಲ್ಲ. ಫೆಬ್ರುವರಿ ಮೊದಲ ವಾರ ಬೀಜಿಂಗ್‌ನಲ್ಲಿ ನೀರು ಇನ್ನೂ ಹೆಪ್ಪುಗಟ್ಟುತ್ತಿರುತ್ತದೆ. ಹಗಲು ಬೆಳೆಯತೊಡಗಿದೆ, ಯಾಂಗ್ ಶಕ್ತಿ, ಅಂದರೆ ಬಿಸಿ, ಬೆಳಕು, ಚಲನೆಯ ಶಕ್ತಿ, ಮೇಲೇಳುತ್ತಿದೆ ಎಂಬುದೇ ಅಲ್ಲಿ ವಸಂತದ ಗುರುತು. ಹವೆ ಬದಲಾಗುವ ಮೊದಲೇ ಎಚ್ಚರಿಸುವುದರಿಂದಲೇ ಈ ಕ್ಯಾಲೆಂಡರಿಗೆ ಬೆಲೆ.

ಎರಡನೆಯ ಹೆಜ್ಜೆ: ಮಲಗುವ ಹೊತ್ತನ್ನು ಸರಿಸಿ

ನೈಜಿಂಗ್‌ನ ಸೂತ್ರ ಚಿಕ್ಕದು. ವಸಂತ ಮತ್ತು ಬೇಸಿಗೆಯಲ್ಲಿ ತುಸು ತಡವಾಗಿ ಮಲಗಿ ಬೇಗ ಏಳುವುದು. ಶರತ್ಕಾಲದಲ್ಲಿ ಬೇಗ ಮಲಗಿ ಕೋಳಿಯ ಜೊತೆ ಏಳುವುದು. ಚಳಿಗಾಲದಲ್ಲಿ ಬೇಗ ಮಲಗಿ, ಬಿಸಿಲು ಬಂದ ಮೇಲೆಯೇ ಏಳುವುದು. ‘ತಡವಾಗಿ’ ಎಂದರೆ ನಡುರಾತ್ರಿಯಲ್ಲ. ರಾತ್ರಿ 11ರಿಂದ 1 ಗಂಟೆಯ ಅವಧಿಗೆ ನಿದ್ದೆಯಲ್ಲಿರಬೇಕೆಂಬುದು ಚೀನೀ ವೈದ್ಯರ ಸಾಮಾನ್ಯ ಸಲಹೆ.

ಒಮ್ಮೆಗೇ ಒಂದು ಗಂಟೆ ಬದಲಿಸಲು ಹೋಗಬೇಡಿ. ಹದಿನೈದು ದಿನದ ಘಟ್ಟ ತಿರುಗಿದಾಗಲೊಮ್ಮೆ ಅಲಾರಾಂ ಅನ್ನು ಹತ್ತು ನಿಮಿಷ ಹಿಂದೆ ಮುಂದೆ ಮಾಡಿದರೆ ಋತು ಬದಲಾಗುವ ಹೊತ್ತಿಗೆ ಮೈ ತಾನಾಗಿ ಒಗ್ಗಿರುತ್ತದೆ. ವಸಂತದ ಬೆಳಗ್ಗೆ ಕೂದಲು ಬಿಚ್ಚಿ, ಬಟ್ಟೆ ಸಡಿಲ ಮಾಡಿಕೊಂಡು ಅಂಗಳದಲ್ಲಿ ದೊಡ್ಡ ಹೆಜ್ಜೆಯಿಟ್ಟು ನಡೆಯಿರಿ ಎಂಬ ಮಾತೂ ಆ ಅಧ್ಯಾಯದಲ್ಲಿದೆ. ನನಗೆ ಬಹಳ ಇಷ್ಟವಾದ ಸಲಹೆ ಅದು. ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಸರಿಪಡಿಸುತ್ತದೆ ಎಂಬುದನ್ನು ಇಂದಿನ ವಿಜ್ಞಾನವೂ ಒಪ್ಪುತ್ತದೆ.

ಮೂರನೆಯ ಹೆಜ್ಜೆ: ಬಟ್ಟೆ ಬದಲಿಸಲು ಅವಸರ ಬೇಡ

ವಸಂತದಲ್ಲಿ ಹೊದ್ದುಕೋ, ಶರತ್ಕಾಲದಲ್ಲಿ ಚಳಿ ತಾಗಲಿ ಎಂಬುದು ಚೀನಾದಲ್ಲಿ ಅಜ್ಜಿಯರೆಲ್ಲ ಹೇಳುವ ಗಾದೆ. ಎರಡು ದಿನ ಬಿಸಿಲು ಬಂತೆಂದು ಸ್ವೆಟರ್ ಒಳಗಿಡಬೇಡಿ, ಒಂದು ಸಂಜೆ ತಂಗಾಳಿ ಬೀಸಿತೆಂದು ಹೊರಗೂ ತೆಗೆಯಬೇಡಿ. ಇದಕ್ಕೂ ಒಂದು ಮಿತಿಯಿದೆ. ಸೆಪ್ಟೆಂಬರ್ 7 ಅಥವಾ 8ಕ್ಕೆ ಬರುವ ‘ಬಿಳಿ ಇಬ್ಬನಿ’ಯ ಘಟ್ಟದ ನಂತರ ಮೈ ತೆರೆದಿಡಬೇಡ ಎಂದು ಇನ್ನೊಂದು ಗಾದೆ ತಡೆಯುತ್ತದೆ. ಮಕ್ಕಳು, ವೃದ್ಧರು ಮತ್ತು ಉಬ್ಬಸ ಇರುವವರು ಚಳಿಗೆ ಮೈಯೊಡ್ಡುವ ಗೋಜಿಗೇ ಹೋಗಬಾರದು.

ನಾಲ್ಕನೆಯ ಹೆಜ್ಜೆ: ಅಡುಗೆಮನೆಗೆ ಬನ್ನಿ

ಚೀನೀ ವೈದ್ಯದಲ್ಲಿ ಪ್ರತಿ ಋತುವಿಗೂ ಒಂದು ಅಂಗ, ಒಂದು ರುಚಿ. ವಸಂತಕ್ಕೆ ಯಕೃತ್ತು ಮತ್ತು ಹುಳಿ, ಬೇಸಿಗೆಗೆ ಹೃದಯ ಮತ್ತು ಕಹಿ, ಬೇಸಿಗೆಯ ಕೊನೆಯ ತೇವದ ದಿನಗಳಿಗೆ ಗುಲ್ಮ ಮತ್ತು ಸಿಹಿ, ಶರತ್ಕಾಲಕ್ಕೆ ಶ್ವಾಸಕೋಶ ಮತ್ತು ಖಾರ, ಚಳಿಗಾಲಕ್ಕೆ ಮೂತ್ರಪಿಂಡ ಮತ್ತು ಉಪ್ಪು. ಇಲ್ಲಿ ಯಕೃತ್ತು ಎಂದರೆ ಸ್ಕ್ಯಾನಿಂಗ್‌ನಲ್ಲಿ ಕಾಣುವ ಅಂಗವಷ್ಟೇ ಅಲ್ಲ, ಕೋಪ, ಕಣ್ಣು, ಸ್ನಾಯುಗಳನ್ನೂ ಒಳಗೊಂಡ ಒಂದು ಕಾರ್ಯವ್ಯವಸ್ಥೆ. ಹಾಗಾಗಿ ರಕ್ತಪರೀಕ್ಷೆಯ ವರದಿ ಹಿಡಿದು ಈ ಪಟ್ಟಿಗೆ ತಾಳೆ ನೋಡಬೇಡಿ.

ಋತುವಿನ ರುಚಿಯನ್ನೇ ಹೆಚ್ಚು ತಿನ್ನಬೇಕೆಂದೂ ಭಾವಿಸಬೇಡಿ. ಟಾಂಗ್ ಕಾಲದ ವೈದ್ಯ ಸುನ್ ಸಿಮಿಯಾವ್ ವಸಂತದಲ್ಲಿ ಹುಳಿ ಕಡಿಮೆ ಮಾಡಿ ಸಿಹಿ ಹೆಚ್ಚಿಸಿ ಎಂದ. ಆಗ ಯಕೃತ್ತು ಮೊದಲೇ ಪ್ರಬಲವಾಗಿರುತ್ತದೆ, ಇನ್ನಷ್ಟು ಬಲ ಕೊಟ್ಟರೆ ಅದು ಜೀರ್ಣಶಕ್ತಿಯ ಮೇಲೆ ಸವಾರಿ ಮಾಡುತ್ತದೆ ಎಂಬುದು ತರ್ಕ. ಸಿಹಿ ಎಂದರೆ ಜಾಮೂನಲ್ಲ. ಅಕ್ಕಿ ಗಂಜಿ, ಗೆಡ್ಡೆಗಳು, ಒಣಗಿಸಿದ ಕೆಂಪು ಎಲಚಿಹಣ್ಣಿನಲ್ಲಿರುವ ಮೆಲ್ಲನೆಯ ಸಿಹಿ.

ಬೇಸಿಗೆಯ ಕಡು ಸೆಕೆಯ ದಿನಗಳಿಗೆ ಚೀನಾದಲ್ಲಿ ‘ಸಾನ್‌ಫು’ ಎಂದು ಹೆಸರು. ಜುಲೈ ಮಧ್ಯಭಾಗದಿಂದ ಆಗಸ್ಟ್‌ವರೆಗೆ, ವರ್ಷ ನೋಡಿಕೊಂಡು 30 ಅಥವಾ 40 ದಿನ. ಆಗ ಮನೆಮನೆಯಲ್ಲೂ ಬೇಯುವುದು ಹೆಸರುಕಾಳಿನ ಸಾರ. ಸಿಪ್ಪೆಯಿರುವ ಹೆಸರುಕಾಳನ್ನು ತೊಳೆದು, ಹತ್ತು ಪಾಲು ನೀರಿಗೆ ಹಾಕಿ, ಮುಚ್ಚಳ ಮುಚ್ಚಿ ಜೋರು ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಕಾಳು ಒಡೆಯುವ ಮೊದಲೇ ತಿಳಿಹಸಿರು ನೀರನ್ನು ಬಸಿದುಕೊಳ್ಳಿ. ಸೆಕೆ ಇಳಿಸಲು ಈ ತಿಳಿನೀರೇ ಮೇಲು. ನೀರು ಗಡಸಾಗಿದ್ದರೆ, ಪಾತ್ರೆ ತೆರೆದಿಟ್ಟಿದ್ದರೆ ಬಣ್ಣ ಕೆಂಪಗಾಗುತ್ತದೆ. ಹಾಗಾಗದಿರಲು ಕೆಲವು ಹನಿ ನಿಂಬೆರಸ ಹಿಂಡಿ. ಉಳಿದ ಕಾಳನ್ನು ಮತ್ತೆ ಬೇಯಿಸಿ ತಿನ್ನಿ. ಸಾರವನ್ನು ಫ್ರಿಜ್‌ನಲ್ಲಿಟ್ಟು ಕೊರೆಯುವಂತೆ ಮಾಡಿದರೆ ಉದ್ದೇಶವೇ ಕೆಡುತ್ತದೆ, ಉಗುರುಬೆಚ್ಚಗೆ ಕುಡಿಯಿರಿ.

ಅದೇ ಬೇಸಿಗೆಯಲ್ಲಿ ಶುಂಠಿಯನ್ನೂ ತಿನ್ನಬೇಕು. ‘ಚಳಿಗಾಲಕ್ಕೆ ಮೂಲಂಗಿ, ಬೇಸಿಗೆಗೆ ಶುಂಠಿ, ವೈದ್ಯನ ಚೀಟಿ ಬೇಕಿಲ್ಲ’ ಎಂಬ ಗಾದೆ ಮೊದಲ ಬಾರಿ ಕೇಳಿದವರಿಗೆ ತಲೆಕೆಳಗಾದಂತೆ ಕಾಣುತ್ತದೆ. ಬೇಸಿಗೆಯಲ್ಲಿ ಯಾಂಗ್ ಮೈಮೇಲಕ್ಕೆ ಬಂದು ಹೊಟ್ಟೆಯೊಳಗೆ ತಂಪು ಉಳಿಯುತ್ತದೆ, ತಣ್ಣನೆಯ ಪಾನೀಯ ಅದನ್ನು ಹೆಚ್ಚಿಸುತ್ತದೆ ಎಂಬುದು ಅವರ ವಿವರಣೆ. ಬೆಳಗ್ಗೆ ಎರಡು ತೆಳು ಬಿಲ್ಲೆ ಶುಂಠಿ ಸಾಕು, ರಾತ್ರಿ ಬೇಡ. ಚಳಿಗಾಲದಲ್ಲಿ ಇದು ತಿರುಗುಮುರುಗು. ಜಿಡ್ಡಿನ ಊಟ ಹೆಚ್ಚಾಗಿ ಒಳಗೆ ಉಷ್ಣ ಕೂಡಿಕೊಳ್ಳುವಾಗ ಮೂಲಂಗಿ ಅದನ್ನು ಹಗುರ ಮಾಡುತ್ತದೆ.

ಶರತ್ಕಾಲದ ಶತ್ರು ಒಣಹವೆ. ಗಂಟಲು ಕೆರೆತ, ಒಣಕೆಮ್ಮು, ಒಡೆದ ತುಟಿಗೆ ಚೀನೀ ಮನೆಗಳ ಉತ್ತರ ಹಬೆಯಲ್ಲಿ ಬೇಯಿಸಿದ ಪೇರ್ ಹಣ್ಣು. ಹಣ್ಣಿನ ತಲೆಯನ್ನು ಮುಚ್ಚಳದಂತೆ ಕತ್ತರಿಸಿ, ಚಮಚದಿಂದ ಬೀಜದ ಭಾಗ ತೋಡಿ, ಆ ಕುಳಿಯಲ್ಲಿ ನಾಲ್ಕೈದು ಕಲ್ಲುಸಕ್ಕರೆ ಹರಳು ಹಾಕಿ, ಮುಚ್ಚಳ ಮತ್ತೆ ಕೂರಿಸಿ ಬಟ್ಟಲಲ್ಲಿ ನಿಲ್ಲಿಸಿ. ಇಡ್ಲಿ ಪಾತ್ರೆಯಲ್ಲಿ ನಲವತ್ತು ನಿಮಿಷ ಸಣ್ಣ ಉರಿಯಲ್ಲಿಟ್ಟರೆ ಹಣ್ಣು ಗಾಜಿನಂತೆ ಮಿರುಗಿ, ಬಟ್ಟಲ ತಳದಲ್ಲಿ ರಸ ನಿಲ್ಲುತ್ತದೆ. ಆ ರಸವನ್ನು ಚೆಲ್ಲಬೇಡಿ. ಈ ದಿನಗಳಲ್ಲಿ ಮೆಣಸಿನಕಾಯಿ, ಕರಿದ ತಿಂಡಿ ತಗ್ಗಿಸಿ.

ಚಳಿಗಾಲ ಶಕ್ತಿ ಕೂಡಿಡುವ ಕಾಲ. ಕಪ್ಪು ಎಳ್ಳು, ಅಕ್ರೋಟು, ಬಿಸಿ ಸೂಪ್ ಎಲ್ಲರಿಗೂ ಸರಿ. ಮಾಂಸಾಹಾರಿಗಳಿಗೆ ದಾಂಗ್‌ಗುಯಿ ಬೇರು ಮತ್ತು ಶುಂಠಿ ಹಾಕಿದ ಕುರಿಮಾಂಸದ ಸಾರು ಇದೆ. ಅದರ ಮೂಲ ಪಾಠ ಹಾನ್ ಕಾಲದ ಕೊನೆಯ ವೈದ್ಯ ಜಾಂಗ್ ಜೊಂಗ್‌ಜಿಂಗ್‌ನದು. ಶಾಂಘೈ ಸುತ್ತಿನ ಜನ ಇನ್ನೂ ಮುಂದೆ ಹೋಗಿ ‘ಗಾವ್‌ಫಾಂಗ್’ ಎಂಬ ಲೇಹ್ಯ ಮಾಡಿಸಿಕೊಳ್ಳುತ್ತಾರೆ. ವೈದ್ಯರು ನಾಡಿ ನೋಡಿ ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದುಕೊಡುವ ಅದನ್ನು ಅಂಗಡಿಯಿಂದ ತಂದು ತಿನ್ನಲು ಬರುವುದಿಲ್ಲ.

ಐದನೆಯ ಹೆಜ್ಜೆ: ನಿಮ್ಮೂರಿನ ಹವೆಗೆ ಹೊಂದಿಸಿ

ಕಾಲ, ಸ್ಥಳ, ವ್ಯಕ್ತಿ ಮೂರನ್ನೂ ನೋಡಿ ಎಂಬುದು ಚೀನೀ ವೈದ್ಯರ ಮೊದಲ ಪಾಠ. 24 ಘಟ್ಟಗಳು ಹುಟ್ಟಿದ್ದು ಹಳದಿ ನದಿಯ ಬಯಲಿನಲ್ಲಿ. ಚೀನಾದೊಳಗೇ ಗುವಾಂಗ್‌ಡಾಂಗ್‌ನವರು ಅದನ್ನು ಹಾಗೆಯೇ ಪಾಲಿಸುವುದಿಲ್ಲ. ಅವರ ಕಾಟ ತೇವ, ಅದಕ್ಕೆ ಸಿಪ್ಪೆ ಸಮೇತ ಬೂದುಗುಂಬಳದ ಸೂಪ್ ಮತ್ತು ಕಹಿ ಮೂಲಿಕೆ ಚಹಾ. ನಮ್ಮಲ್ಲಿ ಜುಲೈ ಎಂದರೆ ಮಳೆ. ಹೆಸರುಕಾಳಿನ ಸಾರವನ್ನು ಏಪ್ರಿಲ್‌ಗೆ ತನ್ನಿ. ಮಂಗಳೂರು, ಮಡಿಕೇರಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವದ ದಿನಗಳ ಸಲಹೆ ಹಿಡಿಯಲಿ. ಬಿಸಿ ಊಟ, ಶುಂಠಿ, ಕಡಿಮೆ ಸಿಹಿತಿಂಡಿ, ಫ್ರಿಜ್‌ನ ನೀರಿಗೆ ರಜೆ. ಪೇರ್ ಹಣ್ಣಿನ ಬಟ್ಟಲು ಒಣಗಾಳಿಯ ಜನವರಿಗೆ ಹೊಂದುತ್ತದೆ.

ಕೊನೆಯ ಹೆಜ್ಜೆ: ಗೆರೆ ಎಲ್ಲಿ ಎಂದು ತಿಳಿದಿರಿ

ಚಳಿಗಾಲದ ಉಬ್ಬಸಕ್ಕೆ ಬೇಸಿಗೆಯಲ್ಲೇ ಚಿಕಿತ್ಸೆ ಎಂದು ಸಾನ್‌ಫು ದಿನಗಳಲ್ಲಿ ಚೀನಾದ ಆಸ್ಪತ್ರೆಗಳಲ್ಲಿ ಬೆನ್ನಿಗೆ ಮೂಲಿಕೆ ಪಟ್ಟಿ ಹಚ್ಚಿಸಿಕೊಳ್ಳುವ ರೂಢಿ ಇದೆ. ಅದರಲ್ಲಿ ಬಿಳಿ ಸಾಸಿವೆ ಇರುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಚರ್ಮ ಬೊಕ್ಕೆ ಏಳುತ್ತದೆ. ಆನ್‌ಲೈನ್‌ನಲ್ಲಿ ತರಿಸಿ ಮನೆಯಲ್ಲಿ ಅಂಟಿಸಿಕೊಳ್ಳಬೇಡಿ. ಕೆಲವು ಚೀನೀ ಮೂಲಿಕೆಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇದ್ದು, ಅದು ಮೂತ್ರಪಿಂಡವನ್ನೇ ಕೆಡಿಸಬಲ್ಲದು. ದಾಂಗ್‌ಗುಯಿ ಬೇರು ವಾರ್ಫರಿನ್‌ನಂಥ ರಕ್ತ ತೆಳುಗೊಳಿಸುವ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ. ಮಧುಮೇಹಿಗಳು ಪೇರ್ ಹಣ್ಣಿಗೆ ಕಲ್ಲುಸಕ್ಕರೆ ಬಿಡಬೇಕು, ಎಲಚಿಹಣ್ಣನ್ನು ಎಣಿಸಿ ತಿನ್ನಬೇಕು. ಗರ್ಭಿಣಿಯರು ಮತ್ತು ನಿತ್ಯ ಮಾತ್ರೆ ನುಂಗುವವರು ಯಾವ ಮೂಲಿಕೆಯನ್ನೇ ಆಗಲಿ ಪಾತ್ರೆಗೆ ಹಾಕುವ ಮೊದಲು ಅದರ ಪೊಟ್ಟಣವನ್ನು ತಮ್ಮ ವೈದ್ಯರಿಗೆ ತೋರಿಸಬೇಕು.